ವರ್ಷದ ಪಟ್ಟಿಗೆ ಸಿಗದ ಹಾಡು

ಡಿಸೆಂಬರ್ ಬಂದರೆ ಸಾಕು, ‘ವರ್ಷದ ಹತ್ತು ಶ್ರೇಷ್ಠ ಆಲ್ಬಂಗಳು’ ಎಂಬ ವಿಮರ್ಶಕರ ಪಟ್ಟಿ ಮೊಬೈಲಿಗೆ ಬಂದು ಬೀಳುತ್ತದೆ. ಕಳೆದ ವರ್ಷ ಮೈಸೂರಿನ ಹಾಸ್ಟೆಲ್‌ನಲ್ಲಿ ಗೆಳೆಯನೊಬ್ಬ, ‘ಈ ವರ್ಷ ನಿಂಗಿಷ್ಟವಾದ ಆಲ್ಬಂ ಯಾವ್ದೋ?’ ಎಂದ. ಪಟ್ಟಿಯ ಮೊದಲ ಹೆಸರನ್ನೇ ಹೇಳಿಬಿಟ್ಟೆ. ‘ಅದ್ರಲ್ಲಿ ಯಾವ ಹಾಡು?’ ಎಂದಾಗ ಬಾಯಿ ಕಟ್ಟಿತು. ಒಂದನ್ನೂ ಕೇಳಿರಲಿಲ್ಲ!

ನಿಜಕ್ಕೂ ಆ ವರ್ಷ ನಾನು ಹೆಚ್ಚು ಕೇಳಿದ್ದು ಶಿಶುನಾಳ ಶರೀಫರ ತತ್ವಪದಗಳನ್ನು. ಅದೂ ಹನಗೋಡಿನ ನಮ್ಮ ಹೊಲದಲ್ಲಿ, ಹೊಗೆಸೊಪ್ಪಿನ ಬ್ಯಾರನ್ ಮುಂದೆ. ಸೊಪ್ಪು ಹದವಾಗುವವರೆಗೆ ರಾತ್ರಿಯೆಲ್ಲ ಬೆಂಕಿ ನೋಡಿಕೊಳ್ಳಬೇಕು. ತೂಕಡಿಕೆ ಬರದಿರಲೆಂದು ಅಪ್ಪ ಸಿ. ಅಶ್ವತ್ಥ್ ಹಾಡಿದ ಪದಗಳನ್ನು ಹಾಕುತ್ತಿದ್ದರು. ಅದನ್ನು ಹೇಳಲು ನಾಚಿಕೆಯಾಗಿದ್ದೇಕೆ? ಅದು ‘ಈ ವರ್ಷದ್ದು’ ಅಲ್ಲ ಎಂಬ ಒಂದೇ ಕಾರಣಕ್ಕೆ.

ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ನೂರು ವರ್ಷ ಕಳೆದು, 1990ರಲ್ಲಿ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅಶ್ವತ್ಥ್ ಸಂಗೀತ ನೀಡಿದರು. 2008ರ ತಮ್ಮ ಮೊದಲ ಆಲ್ಬಂನಲ್ಲಿ ರಘು ದೀಕ್ಷಿತ್ ಶರೀಫರನ್ನು ಗಿಟಾರ್ ಜೊತೆ ಹಾಡಿದರು. ಹಾಗಾದರೆ ಆ ಪದಗಳು ಯಾವ ವರ್ಷದ ಪಟ್ಟಿಗೆ ಸೇರಬೇಕು? ‘ಮುಂಗಾರು ಮಳೆ’ ತೆರೆಕಂಡದ್ದು 2006ರ ಡಿಸೆಂಬರ್ 29ರಂದು. ಅದರ ಹಾಡುಗಳು ಊರೂರಿನ ಬಸ್ಸು, ಮದುವೆ ಮನೆಗಳಲ್ಲಿ ಮೊಳಗಿದ್ದು ಮರುವರ್ಷ. ಡಿಸೆಂಬರ್ ಮೊದಲ ವಾರಕ್ಕೇ ಲೆಕ್ಕ ಮುಗಿಸುವವರಿಗೆ ಇಂಥದ್ದು ಸಿಗುವುದಾದರೂ ಹೇಗೆ? ನಾಗರಹೊಳೆ ಅಂಚಿನ ಹಾಡಿಗಳಲ್ಲಿ ಜೇನುಕುರುಬರು ಹಾಡುವ ಪದಗಳಿಗಂತೂ ಬಿಡುಗಡೆಯ ದಿನಾಂಕವೇ ಇಲ್ಲ.

ಪಟ್ಟಿಯೇ ಬೇಡ ಎನ್ನುತ್ತಿಲ್ಲ. ಪಟ್ಟಿ ನೋಡಿಯೇ ಕೆಲವು ಹೊಸ ಗಾಯಕರನ್ನು ಕೇಳಿದ್ದೇನೆ. ಆದರೆ ವಿಮರ್ಶಕರು ತಾವು ಎಷ್ಟು ಆಲ್ಬಂ ಕೇಳಿದೆವು, ಯಾವ ಭಾಷೆಯವು, ಏಕೆ ಮೆಚ್ಚಿದೆವು ಎಂದು ನಾಲ್ಕು ಸಾಲು ಬರೆಯಲಿ. ಒಂದು, ಎರಡು ಎಂದು ಸ್ಥಾನ ಕೊಡಲು ಹಾಡೇನು ಸಿಇಟಿ ಬರೆದಿದೆಯೇ? ಮೆರಿಟ್ ಪಟ್ಟಿ, ತಾತ್ಕಾಲಿಕ ಆಯ್ಕೆ ಪಟ್ಟಿ, ಅಂತಿಮ ಆಯ್ಕೆ ಪಟ್ಟಿ... ಎಲ್ಲದರಲ್ಲೂ ನಮ್ಮ ಹೆಸರು ಹುಡುಕಿ ಸುಸ್ತಾದವರು ನಾವು. ದಣಿದು ಬಂದು ಹಾಡು ಕೇಳುವಾಗಲೂ ಇನ್ನೊಂದು ಪಟ್ಟಿಗೆ ಹೆದರಬೇಕೇ?

ಈ ಡಿಸೆಂಬರಿನಲ್ಲಿ ಗೆಳೆಯ ಅದೇ ಪ್ರಶ್ನೆ ಕೇಳಲಿ. ಇಯರ್‌ಫೋನಿನ ಒಂದು ತುದಿಯನ್ನು ಅವನ ಕಿವಿಗಿಟ್ಟು, ಶರೀಫರ ಪದ ಹಾಕುತ್ತೇನೆ. ಆಮೇಲೆ ಅವನಿಗಿಷ್ಟವಾದದ್ದನ್ನು ನಾನೂ ಕೇಳುತ್ತೇನೆ.