ಪಾಡ್‌ಕಾಸ್ಟ್ | ಗ್ಯಾಲಕ್ಸಿಯ ಅನಿಲ ಹಾರಿಸಿಕೊಂಡು ಹೋಗುವ ಗಾಳಿ

ಇವತ್ತು ಆಕಾಶದ ಒಂದು ಗಾಳಿಯ ಬಗ್ಗೆ ಮಾತಾಡುವ.

ಆಕಾಶದಲ್ಲಿ ಎಂತ ಗಾಳಿ ಮಾರಾಯ್ರೆ, ಅಲ್ಲಿರುವುದು ಬರೀ ಶೂನ್ಯ ಅಲ್ವಾ ಅಂತ ನೀವು ಕೇಳಬಹುದು. ಪೂರ್ತಿ ಶೂನ್ಯ ಅಲ್ಲ. ನಮ್ಮ ಕ್ಷೀರಪಥ ಗ್ಯಾಲಕ್ಸಿಯ ಸುತ್ತ ಬಹಳ ದೂರದವರೆಗೆ ಬಿಸಿ ಅನಿಲ ಹರಡಿದೆ. ಬಿಸಿ ಅಂದರೆ ಹತ್ತು ಲಕ್ಷ ಡಿಗ್ರಿಗೂ ಮೇಲೆ. ಆದರೆ ಎಷ್ಟು ತೆಳು ಅಂದರೆ, ಹತ್ತು ಲೀಟರಿನ ಕೊಡಪಾನ ಹಿಡಿದರೆ ಹೆಚ್ಚುಕಮ್ಮಿ ಒಂದೇ ಒಂದು ಕಣ ಸಿಕ್ಕೀತು. ಇಷ್ಟು ತೆಳು ಅನಿಲ ಎಂತ ಮಾಡೀತು? ವೇಗ ಸೇರಿದರೆ ಮಾಡುತ್ತದೆ. ಎಲೆ ಅಲ್ಲಾಡದ ದಿನವೂ ಮರವಂತೆ ಹೆದ್ದಾರಿಯಲ್ಲಿ ಬೈಕ್ ಬಿಟ್ಟರೆ ಮುಖಕ್ಕೆ ಗಾಳಿ ಹೊಡೆಯುತ್ತದಲ್ಲ, ಹಾಗೆ. ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು.

ದೊಡ್ಡ ಗ್ಯಾಲಕ್ಸಿಯನ್ನು ಸುತ್ತುವ ಪುಟ್ಟ ಗ್ಯಾಲಕ್ಸಿಗಳು ಈ ಅನಿಲದೊಳಗೆ ಓಡುತ್ತಿರುತ್ತವೆ. ಗಾಳಿಗೆ ಭತ್ತ ತೂರಿದಂತೆ ಅವುಗಳೊಳಗಿನ ತಂಪು ಅನಿಲ ಹಾರಿಹೋಗುತ್ತದೆ, ನಕ್ಷತ್ರಗಳು ಕಾಳಿನ ಹಾಗೆ ಅಲ್ಲೇ ಉಳಿಯುತ್ತವೆ. ಹೋಲಿಕೆ ಇಲ್ಲಿಗೆ ನಿಲ್ಲಿಸಬೇಕು. ಯಾಕೆಂದರೆ ಹಾರಿಹೋಗುವುದು ಜೊಳ್ಳಲ್ಲ, ಬಿತ್ತನೆ ಬೀಜ. ಅನಿಲ ಮುಗಿದ ಗ್ಯಾಲಕ್ಸಿಯಲ್ಲಿ ಹೊಸ ನಕ್ಷತ್ರ ಹುಟ್ಟುವುದಿಲ್ಲ. ಇದ್ದವು ಮುದಿಯಾಗುತ್ತಾ ಹೋಗುತ್ತವೆ.

ಗನ್ ಮತ್ತು ಗಾಟ್ ಎಂಬ ವಿಜ್ಞಾನಿಗಳು 1972ರಲ್ಲಿ ಈ ಲೆಕ್ಕ ಹಾಕಿದ್ದು ಸಾವಿರಾರು ಗ್ಯಾಲಕ್ಸಿಗಳಿರುವ ದೊಡ್ಡ ಗುಚ್ಛಗಳಿಗೆ. ಅಲ್ಲಿ ವೇಗ ಸೆಕೆಂಡಿಗೆ ಸಾವಿರ ಕಿಲೋಮೀಟರ್ ಆಸುಪಾಸು. ಅಂಥ ಗುಚ್ಛದಲ್ಲಿರುವ ಜೆಒ201 ಗ್ಯಾಲಕ್ಸಿಯನ್ನು ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವೂ ನೋಡಿದೆ. ಬಲೆಗೆ ಸಿಕ್ಕುವ ಜೆಲ್ಲಿ ಮೀನಿನ ಹಾಗೆ ಬಾಲ ಬಿಟ್ಟುಕೊಂಡಿದೆ ಅದು.

ನನಗೆ ಹೆಚ್ಚು ಕುತೂಹಲ ಇರುವುದು ನಮ್ಮಂಥ ಸಣ್ಣ ಗುಂಪುಗಳ ಬಗ್ಗೆ. ಇಲ್ಲಿ ವೇಗ ಕಡಿಮೆ, ಅನಿಲವೂ ತೆಳು. ಹಾಗಾದರೆ ಗಾಳಿಗೆ ಇಲ್ಲಿ ಕೆಲಸ ಇಲ್ಲವಾ? ಕ್ಷೀರಪಥದಿಂದ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷದೊಳಗಿನ ಪುಟ್ಟ ಗ್ಯಾಲಕ್ಸಿಗಳನ್ನು ನೋಡಿ: ಎರಡು ಮೆಗೆಲ್ಲಾನಿಕ್ ಮೋಡಗಳನ್ನು ಬಿಟ್ಟರೆ ಹೆಚ್ಚುಕಮ್ಮಿ ಎಲ್ಲದರ ಅನಿಲವೂ ಖಾಲಿ. ಹದಿಮೂರು ಲಕ್ಷ ಜ್ಯೋತಿರ್ವರ್ಷ ದೂರದ ಲಿಯೋ ಟಿ ತೀರಾ ಸಣ್ಣದು, ಆದರೂ ಅದರಲ್ಲಿ ಅನಿಲ ಇನ್ನೂ ಉಂಟು.

ಇದು ಗಾಳಿಯದೇ ಕೆಲಸ, ಗುರುತ್ವದ ಜಗ್ಗಾಟ ಅಲ್ಲ ಅಂತ ಹೇಗೆ ಹೇಳುವುದು? ಗುರುತ್ವ ನಕ್ಷತ್ರವನ್ನೂ ಎಳೆಯುತ್ತದೆ, ಅನಿಲವನ್ನೂ ಎಳೆಯುತ್ತದೆ. ಗಾಳಿ ಮುಟ್ಟುವುದು ಅನಿಲವನ್ನು ಮಾತ್ರ. ದೊಡ್ಡ ಮೆಗೆಲ್ಲಾನಿಕ್ ಮೋಡ ಸೆಕೆಂಡಿಗೆ 320 ಕಿಲೋಮೀಟರಿನಷ್ಟು ವೇಗದಲ್ಲಿ ಓಡುತ್ತಿದೆ. ಅದು ಮುಖ ಮಾಡಿದ ಬದಿಯಲ್ಲಿ ಅನಿಲ ಮೊಟಕಾಗಿದೆ, ನಕ್ಷತ್ರಗಳು ಮಾತ್ರ ಅದರಾಚೆಗೂ ಹರಡಿವೆ. ಹಿಂದೆ ಆಕಾಶದ ಉದ್ದಕ್ಕೂ ಎಳೆದುಕೊಂಡ ಅನಿಲದ ಹೊಳೆಯೇ ಇದೆ. ಆ ಹೊಳೆಯಲ್ಲಿ ಎರಡೂ ಮೋಡಗಳ ಪರಸ್ಪರ ಜಗ್ಗಾಟದ ಪಾಲು ದೊಡ್ಡದು, ಅದನ್ನೂ ಹೇಳಬೇಕು.

ಈ ಮೋಡ ನಮ್ಮೂರಿನಿಂದ ಕಾಣುತ್ತದಾ? ಲೆಕ್ಕದ ಪ್ರಕಾರ ಹೌದು. ಡಿಸೆಂಬರ್ ನಡುವಿನಲ್ಲಿ, ಮಧ್ಯರಾತ್ರಿ ಹೊತ್ತಿಗೆ ದಕ್ಷಿಣಕ್ಕೆ ತಿರುಗಿ ಅಗಸ್ತ್ಯ ನಕ್ಷತ್ರ ಹುಡುಕಿ. ಅದರ ಕೆಳಗೆ, ತುಸು ಬಲಕ್ಕೆ, ದಿಗಂತದಿಂದ ಆರೇಳು ಡಿಗ್ರಿ ಮೇಲೆ. ಚಂದ್ರ ಇರಬಾರದು, ತೆಂಗಿನ ತೋಟ ಅಡ್ಡ ಬರಬಾರದು, ಊರಿನ ದೀಪವೂ ಆ ಕಡೆ ಇರಬಾರದು.