ಕಡ್ಡಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಸುವ ಹವ್ಯಾಸ

ಮನೆಯೆಂದ ಮೇಲೆ ಅಲ್ಲಿ ಏನನ್ನಾದರೂ ಕೂಡಿಸಿಡುವವರೊಬ್ಬರು ಇದ್ದೇ ಇರುವರು. ಅಜ್ಜಿಯು ಚಲಾವಣೆ ತಪ್ಪಿದ ನಾಣ್ಯಗಳನ್ನು ಅರಿವೆಯಲ್ಲಿ ಗಂಟು ಕಟ್ಟಿಡುವಳು. ಮೊಮ್ಮಗಳು ಬಳೆಚೂರುಗಳನ್ನು ಡಬ್ಬಿಯಲ್ಲಿ ತುಂಬುವಳು. ಹುಡುಗನ ಕಿಸೆಯಲ್ಲಂತೂ ಗೋಲಿ, ಬಣ್ಣದ ಕಾಗದ, ನುಣುಪಾದ ಕಲ್ಲು. ದೀಪಾವಳಿಗೆ ಮನೆಯನ್ನು ಹಸನುಮಾಡುವಾಗ ಹಿರಿಯರು ಇವೆಲ್ಲವುಗಳಿಗೆ 'ಕಸ'ವೆಂಬ ಒಂದೇ ಹೆಸರನ್ನು ಕೊಟ್ಟು ತಿಪ್ಪೆಯ ದಾರಿಯನ್ನು ತೋರಿಸುವರು. ನಮ್ಮ ಮನೆಯಲ್ಲಿ ಇಂಥ ಕಸವೊಂದು ನಾಲ್ವತ್ತೈದು ವರ್ಷಗಳಿಗೂ ಮೇಲಾಗಿ ಉಳಿದುಕೊಂಡು ಬಂದಿದೆ. ಅದರ ನೆವದಿಂದ, ನಿರುಪಯೋಗಿಯೆಂದು ತೋರುವ ವಸ್ತುವನ್ನು ಕೂಡಿಸುವದರಲ್ಲಿ ಮನುಷ್ಯನಿಗೆ ಇರುವ ಸುಖವಾದರೂ ಯಾವದೆಂಬುದನ್ನು ವಾಚಕರೊಡನೆ ತುಸು ಆಲೋಚಿಸಬೇಕೆಂದಿದ್ದೇನೆ.

ನನ್ನ ಅಣ್ಣ ತೀರಿಕೊಂಡು ಒಂದು ವರ್ಷವಾಯಿತು. ಪುಣ್ಯತಿಥಿಗೆಂದು ಬೈಲಹೊಂಗಲ ತಾಲೂಕಿನ ನಮ್ಮ ಹಳ್ಳಿಯ ಮನೆಗೆ ಹೋದಾಗ ವೈನಿಯವರು ಅಟ್ಟದ ಮೇಲಿನ ಒಂದು ತಗಡಿನ ಟ್ರಂಕನ್ನು ಇಳಿಸಿ ನನ್ನ ಮುಂದಿಟ್ಟರು. "ರದ್ದಿಯವಗ ಕೊಡಬೇಕಂದೆ, ಮನಸ್ಸಾಗಲಿಲ್ಲ. ನೀವ ಒಮ್ಮೆ ನೋಡ್ರಿ" ಎಂದರು. ಒಳಗೆ ಕೆಂಪು ಅರಿವೆಯ ಹೊದಿಕೆಯ ಒಂದು ಲೆಕ್ಕದ ವಹಿಯಿದ್ದಿತು. ಅದರ ತುಂಬ ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರಗಳು: ಹುಲಿ, ಹಡಗು, ಕುದುರೆ, ಕಮಲ, ಕೀಲಿಕೈ, ಗಡಿಯಾರ. ಎಣಿಸಿದೆನು, ೪೧೨ ಇದ್ದವು. ಪ್ರತಿಯೊಂದರ ಕೆಳಗೆ ಅದು ದೊರೆತ ಊರಿನ ಹೆಸರನ್ನು ಅಣ್ಣನು ಸಣ್ಣ ಅಕ್ಷರಗಳಲ್ಲಿ ಬರೆದಿದ್ದನು. ಒಂದು ಪುಟದಲ್ಲಿ ಒಂದು ಮನೆ ಮಾತ್ರ ಖಾಲಿಯಾಗಿದ್ದಿತು. ಅದರ ಸಂಗತಿಯನ್ನು ಮುಂದೆ ಹೇಳುವೆನು.

ಕಡ್ಡಿಪೆಟ್ಟಿಗೆಗೆ ಚಿತ್ರವಾದರೂ ಏಕೆ ಬೇಕಾಯಿತು? ಅಕ್ಷರ ಬಾರದ ಗಿರಾಕಿಯೂ ಅಂಗಡಿಯ ಮುಂದೆ ನಿಂತು 'ಹಡಗಿನದು ಕೊಡು', 'ಕುದುರೆಯದು ಕೊಡು' ಎಂದು ಕೇಳುವಂತಿರಬೇಕು. ಆ ಚಿತ್ರವೇ ಸರಕಿನ ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ದೇಶಕ್ಕೆ ಬೆಂಕಿಕಡ್ಡಿಯು ಸ್ವೀಡನ್ ಮತ್ತು ಜಪಾನಗಳಿಂದ ಬರುತ್ತಿದ್ದಿತು. ಆ ದೂರದೇಶದ ಮುದ್ರಕರು ನಮ್ಮ ದೇವದೇವತೆಗಳನ್ನು ಅಚ್ಚುಹಾಕಿ ಕಳಿಸುತ್ತಿದ್ದರು. ೧೯೨೨ರಲ್ಲಿ ಆಮದಿನ ಸುಂಕವು ಏರಿದ್ದರಿಂದ ೧೯೨೩ರಲ್ಲಿ ಸ್ವೀಡನ್ನಿನವರೇ ಇಲ್ಲಿ ವಿಮ್ಕೋ ಎಂಬ ಕಂಪನಿಯನ್ನು ತೆರೆದರು. ಮುಂಬಯಿಯ ಸಮೀಪದ ಅಂಬರನಾಥದಲ್ಲಿ ಅದರ ಕಾರ್ಖಾನೆಯು ನಿಂತಿತು. ಅದೇ ಸುಮಾರಿಗೆ ಶಿವಕಾಶಿಯ ಅಯ್ಯ ನಾಡಾರ, ಷಣ್ಮುಗ ನಾಡಾರರೆಂಬವರು ಕಲಕತ್ತೆಗೆ ಹೋಗಿ ಈ ಕಸಬನ್ನು ಕಲಿತು ಬಂದು ತಮ್ಮ ಊರಲ್ಲಿ ಉದ್ಯೋಗವನ್ನು ಆರಂಭಿಸಿದರು. ಸಣ್ಣ ಸಣ್ಣ ಕಾರ್ಖಾನೆಗಳು ಹೆಚ್ಚಿದಂತೆ ಚಿತ್ರಗಳೂ ಹೆಚ್ಚಿದವು. ಒಂದು ಚಿತ್ರಕ್ಕೆ ಹೆಸರು ಬಂದರೆ ಅದನ್ನೇ ಹೋಲುವ ಮತ್ತೊಂದು ಪೇಟೆಗೆ ಬರುವದು. ಹುಲಿಯ ಬಾಲ ಒಂದರಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ. ಕೊಳ್ಳುವವನಿಗೆ ಇದು ಮೋಸ, ಕೂಡಿಸುವವನಿಗೆ ಹಬ್ಬ!

ಅಣ್ಣನ ಕಣ್ಣು ಈ ಬಾಲಗಳಿಂದಲೇ ಹರಿತವಾಯಿತೆಂದು ನನ್ನ ನಂಬಿಗೆ. ಆಗ ಪೆಟ್ಟಿಗೆಗಳು ತೆಳುವಾದ ಕಟ್ಟಿಗೆಯವು. ಚಿತ್ರವನ್ನು ಮೇಲೆ ಅಂಟಿಸಿರುತ್ತಿದ್ದರು. ತಟ್ಟೆಯ ನೀರಿನಲ್ಲಿ ನೆನೆಯಿಟ್ಟು, ಕಾಗದವು ತಾನಾಗಿ ಬಿಡುವವರೆಗೆ ಕಾದು, ಪಾಟಿಯ ಮೇಲೆ ಹರವಿ ನೆರಳಿನಲ್ಲಿ ಒಣಗಿಸಬೇಕು. ಅವಸರ ಮಾಡಿದರೆ ಹುಲಿಯ ತಲೆ ಹೋದಂತೆಯೇ. ಬೇರೆ ಯಾವ ಕೆಲಸದಲ್ಲಿಯೂ ಅರೆಗಳಿಗೆ ಕೂಡದ ಹುಡುಗನು ಇದಕ್ಕಾಗಿ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕುಳಿತಿರುತ್ತಿದ್ದನು. ಮುಂದೆ ರಟ್ಟಿನ ಪೆಟ್ಟಿಗೆಗಳು ಬಂದು ಚಿತ್ರವು ರಟ್ಟಿನ ಮೇಲೆಯೇ ಮುದ್ರಿತವಾಗತೊಡಗಿದ ಮೇಲೆ ಈ ನೆನೆಯಿಡುವ ವಿದ್ಯೆಯೂ ಮುಗಿಯಿತು.

ಸವದತ್ತಿಯ ಎಲ್ಲಮ್ಮನ ಗುಡ್ಡವು ಅಣ್ಣನ ಪಾಲಿಗೆ ಗಣಿಯಾಗಿದ್ದಿತು. ಭಾರತ ಹುಣ್ಣಿಮೆಯ ಜಾತ್ರೆಗೆ ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರಗಳ ಕಡೆಯಿಂದಲೂ ಭಕ್ತರು ಬಂದು, ಮೂರು ಕಲ್ಲು ಹೂಡಿ ನೈವೇದ್ಯದ ಅಡಿಗೆಯನ್ನು ಮಾಡುವರು. ಅವರು ಎದ್ದುಹೋದ ಮೇಲೆ ಉಳಿಯುವದು ಬೂದಿ ಮತ್ತು ಬರಿದಾದ ಕಡ್ಡಿಪೆಟ್ಟಿಗೆ. ನಮ್ಮ ಪೇಟೆಯಲ್ಲಿ ಎಂದೂ ಕಾಣದ ಚಿತ್ರಗಳು! ಅವ್ವ ಕೈಮುಗಿದು ನಿಂತಾಗ ಅಣ್ಣನ ದೃಷ್ಟಿಯು ಒಲೆಗಳ ಸಾಲಿನ ಮೇಲೆ. "ದೇವರ ಕಡೆ ನೋಡೋ ಮಗನ, ನೆಲಾ ಏನ್ ನೋಡ್ತಿ?" ಎಂದು ಅವ್ವ ಗದರಿಸುತ್ತಿದ್ದಳು. ಎಲ್ಲರೂ ತುಳಿದುಹೋಗುವ ನೆಲದಲ್ಲಿ ತನಗೊಬ್ಬನಿಗೇ ಕಾಣುವ ವಸ್ತುವಿದೆಯೆಂಬ ಆ ಹಮ್ಮು ಇದೆಯಲ್ಲ, ಸಂಗ್ರಾಹಕನ ಸುಖದ ಅರ್ಧಭಾಗ ಅದೇ.

ಇನ್ನರ್ಧವು ಕೊಡುಕೊಳ್ಳುವದರಲ್ಲಿದೆ. ಕಿತ್ತೂರಿನಲ್ಲಿ ನಮ್ಮ ದೊಡ್ಡಪ್ಪನ ಮಗನೊಬ್ಬನಿದ್ದನು. ಇಬ್ಬರೂ ಕೋಟೆಯ ಹಾಳುಗೋಡೆಯ ನೆರಳಿನಲ್ಲಿ ಚಿತ್ರಗಳನ್ನು ಹರವಿಕೊಂಡು ಎರಡು ಕುದುರೆಗೆ ಒಂದು ಗಡಿಯಾರದಂತೆ ವ್ಯಾಪಾರಕ್ಕೆ ತೊಡಗಿದರೆ ಊಟದ ಕರೆಯೂ ಕೇಳಿಸುತ್ತಿರಲಿಲ್ಲ. ೧೯೭೭ರ ಅಕ್ಟೋಬರ ೨೩ರಂದು ಅಂಚೆಯ ಇಲಾಖೆಯು ರಾಣಿ ಚೆನ್ನಮ್ಮನ ಚಿತ್ರವಿದ್ದ ೨೫ ಪೈಸೆಯ ಅಂಚೆಚೀಟಿಯನ್ನು ಹೊರಡಿಸಿತು. ೧೮೨೪ರಲ್ಲಿ ಅದೇ ತಾರೀಖಿಗೆ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆಯು ಮಡಿದಿದ್ದನು. ರಾಣಿಯು ಸೆರೆಯಲ್ಲಿ ೧೮೨೯ರಲ್ಲಿ ದೇಹವಿಟ್ಟದ್ದು ನಮ್ಮ ಬೈಲಹೊಂಗಲದಲ್ಲಿಯೇ, ಸಮಾಧಿಯೂ ಅಲ್ಲಿದೆ. ಅಪ್ಪನಿಂದ ನಾಲ್ಕಾಣೆ ಬೇಡಿ ಪಡೆದು ಅಣ್ಣನು ಒಂದು ಚೀಟಿಯನ್ನು ಕೊಂಡು ತಂದನು. ಅಂಚೆಚೀಟಿಗಳನ್ನು ಕೂಡಿಸುವ ಗೋಜಿಗೆ ಅವನು ಎಂದೂ ಹೋದವನಲ್ಲ. ಆದರೂ ಹುಲಿ ಕುದುರೆಗಳ ನಡುವೆ ರಾಣಿಗೆ ಇಡಿಯ ಪುಟವೊಂದನ್ನು ಬಿಟ್ಟುಕೊಟ್ಟಿದ್ದಾನೆ.

ಈ ಹುಚ್ಚು ನಮ್ಮ ಸೀಮೆಯದಷ್ಟೇ ಅಲ್ಲ. ಅಮೇರಿಕೆಯಲ್ಲಿ ೧೮೮೦ರ ದಶಕದಿಂದಲೇ ಸಿಗರೇಟಿನ ಪಾಕೀಟು ಮುದುಡದಿರಲೆಂದು ಒಳಗಿಡುತ್ತಿದ್ದ ರಟ್ಟಿನ ತುಂಡಿನ ಮೇಲೆ ಬೇಸ್‌ಬಾಲ್ ಆಟಗಾರರ ಚಿತ್ರಗಳನ್ನು ಅಚ್ಚುಹಾಕತೊಡಗಿದರು. ಮುಂದೆ ಅವು ಅಗಿಯುವ ಗಮ್ಮಿನ ಜೊತೆಗೆ ಬಂದವು. ೧೯೦೯ರಿಂದ ೧೯೧೧ರ ವರೆಗಿನ ಮಾಲೆಯಲ್ಲಿಯ ಹೋನಸ್ ವ್ಯಾಗ್ನರನೆಂಬ ಆಟಗಾರನ ಒಂದು ಚಿತ್ರವು ೨೦೨೨ರಲ್ಲಿ ೭೨ ಲಕ್ಷ ೫೦ ಸಾವಿರ ಡಾಲರಿಗೂ, ೧೯೫೨ರ ಮಿಕಿ ಮ್ಯಾಂಟಲನ ಚಿತ್ರವು ಅದೇ ತಿಂಗಳಲ್ಲಿ ೧ ಕೋಟಿ ೨೬ ಲಕ್ಷ ಡಾಲರಿಗೂ ಮಾರಿದವು. ವಿನೋದವೆಂದರೆ, ಆ ೧೯೫೨ರ ಚಿತ್ರಗಳಲ್ಲಿ ಮಾರದೆ ಉಳಿದವನ್ನು ೧೯೬೦ರಲ್ಲಿ ಗಾಡಿಗಟ್ಟಲೆ ಒಯ್ದು ಸಮುದ್ರಕ್ಕೆ ಸುರಿದರೆಂದು ಹೇಳುವರು. ಈ ಬೆಲೆಯನ್ನು ಕೇಳಿ ಮಕ್ಕಳ ಡಬ್ಬಿಗಳನ್ನು ಕಾದಿಡಬೇಕೆನ್ನುವ ಗೃಹಸ್ಥರು ಇದ್ದಾರು. ಅವರಿಗೆ ನಿರಾಶೆಯೇ ಗತಿ. ೧೯೫೨ರಲ್ಲಿ ಗಮ್ಮನ್ನು ಅಗಿದ ಹುಡುಗನು ಕೋಟಿಯನ್ನು ಎಣಿಸಿ ಚಿತ್ರವನ್ನು ಕಾದಿಡಲಿಲ್ಲ. ತನ್ನ ಸಾಲಿನಲ್ಲಿ ಇಲ್ಲದ ಒಬ್ಬ ಆಟಗಾರನಿಗಾಗಿ ಇನ್ನೊಂದು ಪೊಟ್ಟಣವನ್ನು ಕೊಂಡನು, ಅಷ್ಟೆ. ಇದ್ದುದಕ್ಕಿಂತ ಇಲ್ಲದ್ದೇ ಈ ಆಟವನ್ನು ನಡೆಸುವದು.

ನಮ್ಮಲ್ಲಿಯೂ ೧೯೮೭ರ ವಿಶ್ವಕಪ್ಪಿನ ಕಾಲದಲ್ಲಿ ಬಬಲ್‌ಗಮ್ಮಿನ ಪೊಟ್ಟಣದಲ್ಲಿ ಕ್ರಿಕೆಟ್ ಆಟಗಾರರ ಚಿತ್ರಗಳು ಬಂದವು. ಅಣ್ಣನ ಮಗನು ಗಮ್ಮನ್ನು ಉಗುಳಿ ಚಿತ್ರವನ್ನು ಕಾಯ್ದಿಟ್ಟುಕೊಳ್ಳುತ್ತಿದ್ದನು. ದುಡ್ಡಿನ ದಂಡವೆಂದು ವೈನಿಯವರು ರೇಗಿದಾಗ ಅಣ್ಣನು ಒಂದು ಮಾತನ್ನೂ ಆಡದೆ ಹಳೆಯ ವಹಿಯೊಂದನ್ನು ಹುಡುಗನ ಕೈಗೆ ಕೊಟ್ಟನಂತೆ.

ಇನ್ನು ಆ ಖಾಲಿ ಮನೆಯ ವಿಷಯ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಣ್ಣನಿಗೆ ಗುಡ್ಡದಲ್ಲಿ ಹಳದಿಯ ನೆಲದ ಮೇಲೆ ಹಸಿರು ನವಿಲಿನ ಒಂದು ಚಿತ್ರವು ದೊರಕಿತು. ಅಂಥದು ನಾಲ್ಕೂ ಊರುಗಳಲ್ಲಿ ಯಾರ ಹತ್ತಿರವೂ ಇರಲಿಲ್ಲ. ಸೂಟಿಗೆ ನಾನು ರಾಮದುರ್ಗಕ್ಕೆ, ಮಾಮಾನ ಮನೆಗೆ ಹೊರಟಾಗ ಅದನ್ನು ಕದ್ದು ಪುಸ್ತಕದಲ್ಲಿಟ್ಟುಕೊಂಡು ಹೋದೆನು. ಅಲ್ಲಿಯ ಹುಡುಗರು ಗೆರೆ ಬರೆದು, ಚಿತ್ರಗಳನ್ನು ನಡುವೆ ಇಟ್ಟು, ಚಪ್ಪಟೆಗಲ್ಲಿನಿಂದ ಹೊಡೆದು ಹೊರಗೆ ಹಾಕಿ ಗೆಲ್ಲುವ ಆಟವನ್ನು ಆಡುತ್ತಿದ್ದರು. ನವಿಲು ಒಂದೇ ಸಂಜೆಗೆ ಹೋಯಿತು. ಊರಿಗೆ ಮರಳಿದಾಗ ಅಣ್ಣನು ಮೂರು ದಿನ ಮನೆಯನ್ನೆಲ್ಲ ತಡಕಾಡಿದನು. ಇಲಿ ಒಯ್ದಿರಬೇಕೆಂದು ನಾನೇ ಮುಂದಾಗಿ ಹೇಳಿದೆನು. ಅವನು ಹೂಂ ಎಂದನು. ಆಮೇಲೆ ನಮ್ಮಿಬ್ಬರ ಆಯುಷ್ಯದಲ್ಲಿ ಆ ಮಾತು ಮತ್ತೆ ಬರಲಿಲ್ಲ.

ವಹಿಯ ಆ ಚೌಕದ ಕೆಳಗೆ ಪೆನ್ಸಿಲಿನಿಂದ 'ನವಿಲು, ಗುಡ್ಡ' ಎಂದು ಬರೆದಿದೆ. ಅದರ ಮಗ್ಗುಲಿಗೆ, ದೊಡ್ಡವನಾದ ಮೇಲಿನ ಅಕ್ಷರದಲ್ಲಿ, ಶಾಯಿಯಿಂದ 'ರಾಮದುರ್ಗ' ಎಂದಿದೆ.

ವೈನಿಯವರು ಬಗ್ಗಿ ನೋಡಿ, "ಇದೊಂದ ಯಾಕ ಖಾಲಿ ಬಿಟ್ಟಾರ?" ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ವಹಿಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟರು.

ಈಗ ರಾಮದುರ್ಗಕ್ಕೆ ಹೋದಾಗಲೆಲ್ಲ ನಾನು ಹಳೆಯ ಸಾಮಾನಿನ ಅಂಗಡಿಗಳನ್ನು ಹೊಕ್ಕು ಹೊರಡುತ್ತೇನೆ. ಒಂದು ರೂಪಾಯಿಯ ಪೆಟ್ಟಿಗೆಯೂ ೨೦೨೧ರ ಡಿಸೆಂಬರದಿಂದ ಎರಡು ರೂಪಾಯಿಯಾಯಿತು. ಹಳೆಯ ಕಟ್ಟಿಗೆಯ ಪೆಟ್ಟಿಗೆಗಳನ್ನು ಕೇಳಿದರೆ ಅಂಗಡಿಯವರು ನಗುತ್ತಾರೆ. ಹೋದ ತಿಂಗಳು ಮಾತ್ರ ಒಂದು ಕಡೆಗೆ ಹಳದಿಯ ನೆಲದ ಹಸಿರು ನವಿಲೊಂದು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದೆನು. ಅದರ ಮುಖವು ಎಡಕ್ಕಿದ್ದಿತು. ನಮ್ಮದರ ಮುಖ ಬಲಕ್ಕೆ.