ಫ್ಯೂಸ್ ಯಾರನ್ನು ಕಾಯುತ್ತದೆ?

ಮಂಗಳೂರಿನ ಹಳೆ ಬಂದರು ಪ್ರದೇಶದಲ್ಲಿ, ಗುರುಪುರ ನದಿಯು ಅಳಿವೆಯತ್ತ ಸಾಗುವ ದಡದ ಆಸುಪಾಸಿನಲ್ಲಿ, ಹೆಂಚಿನ ಮಾಡಿನ ಗೋದಾಮುಗಳು, ಕೆಳಗೆ ಅಂಗಡಿ ಮೇಲೆ ವಾಸವಿರುವ ಹಳೆಯ ಕಟ್ಟಡಗಳು ಮತ್ತು ಈಚಿನ ಬಹುಮಹಡಿ ವಸತಿಗಳು ಒತ್ತೊತ್ತಾಗಿ ನಿಂತಿವೆ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಈ ನಗರದಲ್ಲಿ, ಅದರಲ್ಲೂ ಕಡಲಗಾಳಿ ನೇರವಾಗಿ ತಾಕುವ ಈ ಭಾಗದಲ್ಲಿ, ಸ್ವಿಚ್ ಬೋರ್ಡಿನ ಹಿತ್ತಾಳೆ ತಿರುಪುಗಳು ಹಸಿರುಗಟ್ಟುವುದೂ ಗೋಡೆಯೊಳಗಿನ ಪೈಪುಗಳಲ್ಲಿ ತೇವ ನಿಲ್ಲುವುದೂ ಸಾಮಾನ್ಯ. ಉಪ್ಪು ಬೆರೆತ ತೇವವು ವಿದ್ಯುತ್ತಿಗೆ ಸುಲಭದ ದಾರಿಯಾದ್ದರಿಂದ, ಬಯಲುಸೀಮೆಯ ಒಣ ಹವೆಯಲ್ಲಿ ವರ್ಷಗಟ್ಟಲೆ ಹೇಗೋ ನಡೆದುಹೋಗುವ ಕೆಟ್ಟ ವಯರಿಂಗು ಇಲ್ಲಿ ಜೂನ್ ತಿಂಗಳಲ್ಲೇ ತನ್ನ ಗುಣ ತೋರಿಸುತ್ತದೆ. ಮನೆಯ ವಿದ್ಯುತ್ತಿನ ಬಗ್ಗೆ ಜನರಲ್ಲಿರುವ ತಪ್ಪು ನಂಬಿಕೆಗಳ ಪೈಕಿ ಹೆಚ್ಚು ಅಪಾಯಕಾರಿಯಾದವು ಯಾವುವು ಎಂಬುದೂ ಇಂಥ ಊರಿನಲ್ಲಿ ಬೇಗ ಸ್ಪಷ್ಟವಾಗುತ್ತದೆ. ಅವುಗಳ ಬೇರು ಬಹುಪಾಲು ಒಂದೇ: ತಂತಿಯನ್ನು ಕಾಯಲೆಂದು ಇಟ್ಟ ಸಾಧನವು ಮನುಷ್ಯನನ್ನೂ ಕಾಯುತ್ತದೆಂಬ ಭರವಸೆ.

ಮೊದಲನೆಯದಾಗಿ ಫ್ಯೂಸನ್ನೂ, ಅದರ ಜಾಗಕ್ಕೆ ಬಂದಿರುವ ಎಂಸಿಬಿ ಎಂಬ ಸ್ವಯಂಚಾಲಿತ ಸ್ವಿಚ್ಚನ್ನೂ ನೋಡಬಹುದು. ತಂತಿಯಲ್ಲಿ ಮಿತಿಮೀರಿದ ವಿದ್ಯುತ್ ಹರಿದು ಅದು ಬಿಸಿಯಾಗಿ ಬೆಂಕಿ ಹತ್ತದಿರಲೆಂದು, 6, 10, 16 ಅಥವಾ 32 ಆಂಪಿಯರ್ ಎಂಬ ಮಿತಿಯನ್ನು ಗೊತ್ತುಮಾಡಿ ಈ ಸಾಧನಗಳನ್ನು ಅಳವಡಿಸಲಾಗುತ್ತದೆ. ಮನುಷ್ಯನ ದೇಹದ ಲೆಕ್ಕವಾದರೋ ಆಂಪಿಯರಿನ ಸಾವಿರದಲ್ಲೊಂದು ಭಾಗವಾದ ಮಿಲಿಆಂಪಿಯರಿನದು. ಸುಮಾರು 1 ಮಿಲಿಆಂಪಿಯರ್ ಹರಿದಾಗ ಜುಮ್ಮೆನ್ನುವ ಅನುಭವವಾಗುತ್ತದೆ. 10ರಿಂದ 16ರ ಹೊತ್ತಿಗೆ ಕೈಯ ಸ್ನಾಯುಗಳು ಬಿಗಿದು, ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿ ಬರುತ್ತದೆ. 30ನ್ನು ದಾಟಿದ ಪ್ರವಾಹ ಎದೆಯ ಮೂಲಕ ಹರಿಯುತ್ತಲೇ ಇದ್ದರೆ ಹೃದಯದ ಬಡಿತ ತಾಳತಪ್ಪುವ ಅಪಾಯ ಆರಂಭವಾಗುತ್ತದೆ. ಒದ್ದೆ ಮೈಯ ರೋಧ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಸುಮಾರು 1,000 ಓಮ್‌ಗೆ ಇಳಿಯಬಲ್ಲದು. ಆಗ ಮನೆಯ 230 ವೋಲ್ಟಿನ ತಂತಿಯನ್ನು ಮುಟ್ಟಿದವರ ಮೈಯಲ್ಲಿ 230 ಮಿಲಿಆಂಪಿಯರ್ ಹರಿಯುತ್ತದೆ. ಹೆಚ್ಚುಕಡಿಮೆ ಒಂದು 50 ವ್ಯಾಟ್ ಬಲ್ಬು ಎಳೆದುಕೊಳ್ಳುವಷ್ಟೇ ವಿದ್ಯುತ್ ಇದು. ಪ್ರಾಣಕ್ಕೆ ಎರವಾಗಲು ಇಷ್ಟು ಧಾರಾಳವಾಗಿ ಸಾಕು. 6 ಆಂಪಿಯರಿನ ಎಂಸಿಬಿಯ ಪಾಲಿಗೆ ಮಾತ್ರ ಅಲ್ಲಿ ಏನೂ ಆಗಿರುವುದಿಲ್ಲ. ಹೊಸ ಎಂಸಿಬಿ ಹಾಕಿಸಿದ್ದರಿಂದ ಇನ್ನು ಶಾಕ್ ಹೊಡೆಯುವ ಭಯವಿಲ್ಲ ಎಂಬ ಮಾತಿಗೆ ಆಧಾರವಿಲ್ಲದಿರುವುದು ಈ ಕಾರಣಕ್ಕೆ.

ಎರಡನೆಯ ಭರವಸೆ ಅರ್ಥಿಂಗಿನದು. ಉಪಕರಣದ ಲೋಹದ ಕವಚವನ್ನು ಹಸಿರು ತಂತಿಯ ಮೂಲಕ ನೆಲದಲ್ಲಿ ಹೂತ ಪೈಪಿಗೆ ಅಥವಾ ತಟ್ಟೆಗೆ ಜೋಡಿಸುವ ಈ ವ್ಯವಸ್ಥೆ ಅತ್ಯವಶ್ಯವೆಂಬುದರಲ್ಲಿ ಸಂಶಯವಿಲ್ಲ. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ಅರ್ಥ್ ಕಡ್ಡಿಯನ್ನು ಉದ್ದವಾಗಿ ಮಾಡಿರುವುದು, ಒಳಹೋಗುವಾಗ ಅದು ಮೊದಲು ತಾಗಿ ಹೊರಬರುವಾಗ ಕೊನೆಗೆ ಬಿಡಲೆಂದೇ. ಆದರೆ ಅರ್ಥಿಂಗಿನ ಶಕ್ತಿ ನೆಲದ ಗುಣವನ್ನು ಅವಲಂಬಿಸಿದೆ. ಮಂಗಳೂರಿನ ಗುಡ್ಡಗಳ ಮುರಕಲ್ಲಿನ ನೆಲ ಮಾರ್ಚ್‌ನಿಂದ ಮೇ ತಿಂಗಳವರೆಗೆ ಒಣಗಿ ನಿಂತಾಗ ಅದರ ರೋಧ ಬಹಳ ಏರುತ್ತದೆ. ಒಂದು ಮನೆಯ ಅರ್ಥಿಂಗಿನ ರೋಧ 20 ಓಮ್ ಇದೆಯೆಂದು ಇಟ್ಟುಕೊಂಡರೆ, ಗೀಸರಿನೊಳಗೆ ಫೇಸ್ ತಂತಿ ಕವಚಕ್ಕೆ ತಗುಲಿದಾಗ ನೆಲಕ್ಕಿಳಿಯುವ ಪ್ರವಾಹ 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಅದಕ್ಕೆ ಅಲುಗುವುದಿಲ್ಲ, ಸ್ನಾನದ ಕೋಣೆಯ ಲೋಹವೆಲ್ಲ 230 ವೋಲ್ಟಿನ ಆಸುಪಾಸಿನಲ್ಲೇ ಉಳಿಯುತ್ತದೆ. ಇದ್ದಿಲು ಮತ್ತು ಉಪ್ಪು ತುಂಬಿ ಗುಂಡಿ ಮುಚ್ಚಿದ ಮೇಲೆ ಇಪ್ಪತ್ತು ವರ್ಷ ಅದರತ್ತ ತಿರುಗಿ ನೋಡದ ಮನೆಗಳಲ್ಲಿ ಸ್ಥಿತಿ ಇದಕ್ಕಿಂತ ಕೆಟ್ಟದಾಗಿರಬಹುದು. ಇದಕ್ಕಿಂತಲೂ ಘೋರವಾದುದು, ಅರ್ಥ್ ತಂತಿ ಇಲ್ಲದ ಹಳೆಯ ಕಟ್ಟಡಗಳಲ್ಲಿ ಪ್ಲಗ್ಗಿನ ಅರ್ಥ್ ತೂತನ್ನು ನ್ಯೂಟ್ರಲ್ ತಂತಿಗೆ ಸೇರಿಸಿಬಿಡುವ ಅಡ್ಡದಾರಿ. ಮಳೆಗಾಳಿಗೆ ನ್ಯೂಟ್ರಲ್ ಎಲ್ಲಾದರೂ ಕಡಿದುಹೋದರೆ, ಕೆಟ್ಟಿರದ ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ಮೈಗೂ ಆಗ ಕರೆಂಟು ಬರುತ್ತದೆ.

ಮನುಷ್ಯನಿಗಾಗಿಯೇ ಇರುವ ಸಾಧನ ಬೇರೆ. ಅದರ ಹೆಸರು ಆರ್‌ಸಿಸಿಬಿ. ಹಳೆಯ ರೂಢಿಯಲ್ಲಿ ಇಎಲ್‌ಸಿಬಿ ಎನ್ನುವವರೂ ಇದ್ದಾರೆ. ಬಂದರಿನ ಗೋದಾಮಿನ ಬಾಗಿಲಲ್ಲಿ ಒಳಹೋದ ಮೂಟೆಗಳನ್ನೂ ಹೊರಬಂದ ಮೂಟೆಗಳನ್ನೂ ತಾಳೆನೋಡುವ ಗುಮಾಸ್ತನ ಹಾಗೆ, ಇದು ಫೇಸ್ ತಂತಿಯಲ್ಲಿ ಹೋದ ವಿದ್ಯುತ್ತನ್ನೂ ನ್ಯೂಟ್ರಲ್‌ನಲ್ಲಿ ಮರಳಿದ್ದನ್ನೂ ಸದಾ ತಾಳೆನೋಡುತ್ತದೆ. ವ್ಯತ್ಯಾಸ ಬಂದರೆ ಅಷ್ಟು ವಿದ್ಯುತ್ ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ನೆಲಕ್ಕೆ ಸೋರುತ್ತಿದೆಯೆಂದೇ ಅರ್ಥ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದರೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ, ಇನ್ನೂ ಹೆಚ್ಚಾದರೆ ಮತ್ತಷ್ಟು ಬೇಗ, ಸಂಪರ್ಕ ಕಡಿಯುತ್ತದೆ. ಕೈ ಬಿಡಿಸಿಕೊಳ್ಳಬಲ್ಲ ಪ್ರವಾಹದ ಮಿತಿಯನ್ನು ಪ್ರಯೋಗಗಳಿಂದ ಅಳೆದ ಅಮೆರಿಕದ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ಅಲ್ಲಿನ ಮನೆಗಳಿಗೆ ಇದೇ ತತ್ವದ ಸಾಧನವನ್ನು ರೂಪಿಸಿದರು. ಭಾರತದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯೂ ಅದರ ಬದಲಿಗೆ ಬಂದ 2023ರ ನಿಯಮಾವಳಿಯೂ ಭೂಸೋರಿಕೆಯ ವಿರುದ್ಧ ಇಂಥ ರಕ್ಷಣೆಯನ್ನು ವಿಧಿಸಿವೆ.

ಕರಾವಳಿಯ ಮನೆಗಳಲ್ಲಿ ಇದರ ಮೇಲಿರುವ ದೂರು, ಮಳೆಗಾಲದಲ್ಲಿ ಇದು ಪದೇ ಪದೇ ಟ್ರಿಪ್ ಆಗುತ್ತದೆ ಎಂಬುದು. ಇದು ಸ್ವಿಚ್ಚಿನ ದೋಷವೆಂದು ತೀರ್ಮಾನಿಸಿ, ತಂತಿಗಳನ್ನು ಅದರ ಹೊರಗಿನಿಂದಲೇ ಜೋಡಿಸಿ ಮನೆಗೆ ಬೆಳಕು ಕೊಟ್ಟುಹೋಗುವ ವಯರ್‌ಮನ್ನನಿಗೆ ಜನ ಜಾಣನೆಂಬ ಬಿರುದನ್ನೂ ಕೊಡುತ್ತಾರೆ. ವಾಸ್ತವದಲ್ಲಿ ತಾರಸಿಯ ಬಲ್ಬಿನ ಹೋಲ್ಡರಿನಲ್ಲೋ, ಗೇಟಿನ ದೀಪದಲ್ಲೋ, ಬಾವಿಯ ಪಂಪಿನಲ್ಲೋ ನೀರು ಹೊಕ್ಕಿರುತ್ತದೆ. ಎಲ್ಲ ಎಂಸಿಬಿಗಳನ್ನು ಇಳಿಸಿ ಒಂದೊಂದಾಗಿ ಏರಿಸುತ್ತ ಬಂದರೆ ಸೋರಿಕೆಯ ಜಾಗ ಬಹುಮಟ್ಟಿಗೆ ಸಿಗುತ್ತದೆ. ಹೊರಗಿನ ದೀಪ ಮತ್ತು ಪಂಪಿಗೆ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿದರೆ ಇಡೀ ಮನೆ ಕತ್ತಲಾಗುವುದೂ ತಪ್ಪುತ್ತದೆ. ಈ ಸಾಧನಕ್ಕೂ ಮಿತಿಯಿದೆ: ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಮ್ಮೆಗೇ ಹಿಡಿದು, ನೆಲದ ಸಂಪರ್ಕವಿಲ್ಲದೆ ನಿಂತವನನ್ನು ಅದು ಒಂದು ಬಲ್ಬಿನಿಂದ ಬೇರೆಯಾಗಿ ಗುರುತಿಸಲಾರದು. ಮುಂಭಾಗದ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಆ ಗುಂಡಿ ಸ್ವಿಚ್ಚಿನ ಯಂತ್ರವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗನ್ನಲ್ಲ.

ಸ್ವಿಚ್ ಆರಿಸಿದೊಡನೆ ಕರೆಂಟು ಇಲ್ಲವೆಂದು ಭಾವಿಸುವುದೂ ಅಷ್ಟೇ ದುಬಾರಿ. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ದಾರಿಯಲ್ಲಿ ಜೋಡಿಸಿದ್ದರೆ ದೀಪ ಆರಿದ ಮೇಲೂ ಹೋಲ್ಡರಿನಲ್ಲಿ ಫೇಸ್ ಇದ್ದೇ ಇರುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಮೈನ್ ಸ್ವಿಚ್ ಇಳಿಸಿದರೂ ಸಾಲದು. ಅದರ ಬ್ಯಾಟರಿ 12 ವೋಲ್ಟಿನದಾದರೂ ಹೊರಗೆ ಬರುವುದು 230 ವೋಲ್ಟ್, ಅಲ್ಲದೆ ಆರ್‌ಸಿಸಿಬಿ ಇನ್ವರ್ಟರಿಗಿಂತ ಮುಂಚಿನ ಹಂತದಲ್ಲಿದ್ದರೆ ಬ್ಯಾಟರಿಯಿಂದ ನಡೆಯುವ ದೀಪ, ಫ್ಯಾನುಗಳಿಗೆ ಅದರ ಕಾವಲೇ ಇರುವುದಿಲ್ಲ. ಸವೆದ, ಒದ್ದೆಯಾದ ಹವಾಯಿ ಚಪ್ಪಲಿಯನ್ನು ಇದಕ್ಕೆಲ್ಲ ಪರಿಹಾರವೆಂದು ನಂಬುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ; ಒಂದು ಕೈ ಒದ್ದೆ ಗೋಡೆಗೋ ನಲ್ಲಿಗೋ ತಾಗಿದ್ದರೆ ಚಪ್ಪಲಿ ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಬಂದರಿಗೆ ಸಮೀಪದ ಪಾಂಡೇಶ್ವರದ ರೊಸಾರಿಯೊ ಬಳಿ 2024ರ ಜೂನ್ ತಿಂಗಳ ಮಳೆಯಲ್ಲಿ ತುಂಡಾಗಿ ಬಿದ್ದ ತಂತಿ ತಗುಲಿ ಇಬ್ಬರು ಆಟೊ ಚಾಲಕರು ಸತ್ತರು. ಒಬ್ಬರ ನೆರವಿಗೆ ಹೋದ ಇನ್ನೊಬ್ಬರೂ ಬಲಿಯಾದರೆಂದು ಆಗ ವರದಿಯಾಗಿತ್ತು. ಬಿದ್ದ ತಂತಿ ಕಿಡಿ ಹಾರಿಸದಿದ್ದರೆ ಸತ್ತಿದೆಯೆಂದು ತಿಳಿಯುವುದು ತಪ್ಪು. ದೂರದಲ್ಲೇ ನಿಂತು 1912ಕ್ಕೆ ಕರೆಮಾಡಿ ಮೆಸ್ಕಾಂಗೆ ತಿಳಿಸುವುದೊಂದೇ ಅಲ್ಲಿ ಮಾಡಬಹುದಾದ ಕೆಲಸ. ಮನೆಯೊಳಗಾದರೆ ಮೊದಲು ಮೈನ್ ಸ್ವಿಚ್ ಇಳಿಸಬೇಕು. ಅದು ಆಗದಿದ್ದಾಗ ಮಾತ್ರ, ಒಣಗಿದ ಜಾಗದಲ್ಲಿ ನಿಂತು ಒಣ ಮರದ ಅಥವಾ ಪ್ಲಾಸ್ಟಿಕ್ಕಿನ ವಸ್ತುವಿನಿಂದ ವ್ಯಕ್ತಿಯನ್ನು ಬೇರ್ಪಡಿಸಬೇಕು. ಮಳೆಗಾಲದಲ್ಲಿ ಅಂಗಳದ ಮೂಲೆಯಲ್ಲಿ ನೆನೆದ ಕೋಲು ಈ ಲೆಕ್ಕಕ್ಕೆ ಬರುವುದಿಲ್ಲ. ಶಾಕ್ ಹೊಡೆದವರನ್ನು ಮಣ್ಣಿನಲ್ಲಿ ಹೂತಿಟ್ಟರೆ ಮೈಯ ಕರೆಂಟು ಇಳಿದುಹೋಗುತ್ತದೆಂಬ ನಂಬಿಕೆ ದೇಶದ ಹಲವೆಡೆ ಇದೆ. ಸಂಪರ್ಕ ತಪ್ಪಿದ ಕ್ಷಣದಿಂದ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮಣ್ಣು ಅಗೆಯುವ ನಿಮಿಷಗಳಲ್ಲಿ ಮಿದುಳಿಗೆ ಆಮ್ಲಜನಕ ತಪ್ಪುತ್ತದೆ. ಉಸಿರಾಟ ನಿಂತಿದ್ದರೆ 108ಕ್ಕೆ ಕರೆಮಾಡಿಸಿ, ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ತಗ್ಗುವಂತೆ, ನೆರವು ಬರುವವರೆಗೆ ಒತ್ತುತ್ತಿರಬೇಕು. ಎಚ್ಚರವಾಗಿ ಎದ್ದು ಕುಳಿತವರನ್ನೂ ಆಸ್ಪತ್ರೆಗೆ ಕರೆದೊಯ್ಯುವುದು ಅಗತ್ಯ. ವಿದ್ಯುತ್ ಸಾಗಿದ ದಾರಿಯಲ್ಲಿ ಸ್ನಾಯುಗಳು ಒಳಗೇ ಸುಟ್ಟಿರಬಹುದು, ಹೊರಗೆ ಬೆರಳ ತುದಿಯಲ್ಲೊಂದು ಸಣ್ಣ ಕಲೆಯಷ್ಟೇ ಕಾಣುತ್ತಿರಬಹುದು.